ನೀರಿನ ಮೇಲೆ ಚರಗ

ಶಹರದಂಚಿನ ಶರಣಸಿರಸಗಿಯ ಹೊಸ ಬಡಾವಣೆಗೆ ಬಂದ ಮೊದಲ ವಾರ ನಲ್ಲಿ ತಿರುಗಿಸಿದರೆ ನೀರು ಭರ್ರೆಂದು ಬಂತು. ಇದು ಎಲ್ಲಿಯ ನೀರೆಂದು ಪಕ್ಕದ ಮನೆಯ ಮೇಡಂ ಅವರನ್ನು ಕೇಳಿದೆ. ಅವರು ಹೇಳಿದ್ದು ನಮ್ಮ ಹೊಳೆಯ ಹೆಸರು. ನಮ್ಮೂರನ್ನು ನುಂಗಿದ ಹೊಳೆ ನಮಗಿಂತ ಮೊದಲೇ ಇಲ್ಲಿ ಬಂದು ಸಂಸಾರ ಹೂಡಿತ್ತು!

ಅದು ತೊಂಬತ್ತರ ದಶಕದ ಕೊನೆ. ಕಮಲಾಪುರದಾಚೆ ಆ ಹೊಳೆ ತೀರ ಸಣ್ಣದು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಆದರೂ ನಮ್ಮ ವಿಳಾಸವೆಲ್ಲ ಅದರ ದಂಡೆಯ ಮೇಲಿತ್ತು. ಮಲ್ಲಯ್ಯನ ಗುಡಿ, ಬೇವಿನ ಮರದ ಕೆಳಗೆ ದರ್ಗಾ, ಅದರಾಚೆ ಕೆಂಪು ಬಾಳೆಯ ತೋಟ, ತೋಟಕ್ಕೆ ಹೊಂದಿಕೊಂಡೇ ನಮ್ಮ ಹೊಲ. ಅಣೆಕಟ್ಟು ಬಂದು ಎಲ್ಲ ನೀರಿನಡಿ ಹೋಯಿತು. ಇಲ್ಲಿ ನಮ್ಮ ವಿಳಾಸವೆಂದರೆ ಪ್ಲಾಟ್ ನಂಬರು. ಬೆಂಕಿ ಬೀಳಲಿ ಆ ನಂಬರಿಗೆ!

ಎಳ್ಳಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಹೊಲಕ್ಕೆ ಅಡುಗೆ ಒಯ್ದು, ಸುತ್ತಲೂ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಅದೇ ಚರಗ. ಆಮೇಲೆಯೇ ಮನೆಯವರ ಊಟ. ನಾನು ಸಜ್ಜಿ ರೊಟ್ಟಿ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅನ್ನ ಮಾಡಿದೆ. ಕಣ್ಣು ಮಂಜಾದ ನಮ್ಮತ್ತೆ ‘ಮಣ್ಣು ಎಲ್ಲಿದ್ದರೂ ಮಣ್ಣ’ ಎನ್ನುತ್ತ ಪಕ್ಕದ ಖಾಲಿ ಪ್ಲಾಟಿನಲ್ಲಿ ಚೆಲ್ಲತೊಡಗಿದರು. ಮೇಡಂ ಓಡಿ ಬಂದರು. ಅವರು ಮೈಸೂರು ಕಡೆಯಿಂದ ವರ್ಗವಾಗಿ ಬಂದವರು.

‘ಏನ್ರೀ ಇದು? ನಮ್ಮ ಸೈಟಲ್ಲಿ ಮಾಟ ಮಾಡ್ತಿದ್ದೀರಾ?’

‘ಮಾಟ ಅಲ್ರೀ, ಭೂಮ್ತಾಯಿಗಿ ಉಣ್ಣಾಕ ಹಾಕಾಕತ್ತೀನಿ,’ ಎಂದರು ಅತ್ತೆ.

‘ಮೊದ್ಲು ಎತ್ರಿ ಅದನ್ನ!’

ಅತ್ತೆ ಕುಕ್ಕರಗಾಲಿನಲ್ಲಿ ಕೂತು, ನೆಲ ತಡವಿ ತಡವಿ ಅಗುಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಗಂಟು ಕಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಜಾಗ ಅವರದು.

‘ನೀವಾದ್ರೂ ಉಣ್ರಿ, ಅತ್ತಿ.’

‘ಹೊಲಕ ಉಣಿಸಲಾರದ ನಾ ಹ್ಯಾಂಗ ಉಣ್ಲಿ?’

ಬುತ್ತಿ ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತಿದೆವು. ಇಳಿದು, ನಡೆದು, ದಂಡೆ ಮುಟ್ಟುವಾಗ ಹೊತ್ತು ಇಳಿದಿತ್ತು. ಕಣ್ಣು ಹಾಯಿಸಿದಷ್ಟೂ ನೀರು. ಗುಡಿಯಿಲ್ಲ, ದರ್ಗಾ ಇಲ್ಲ, ಬೇವಿನ ತುದಿಯೂ ಕಾಣಲಿಲ್ಲ.

‘ನಮ್ಮ ಹೊಲ ಯಾವ ಕಡಿಗದ, ಯವ್ವಾ?’

ನನಗೆ ಗುರುತು ಸಿಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಕಳೆ ಕಿತ್ತ ಹೊಲ! ಅವರ ಕೈ ಹಿಡಿದು ಸುಮ್ಮನೆ ನೀರಿನ ಕಡೆ ತೋರಿಸಿ, ‘ಇಲ್ಲೇ ಎದುರಿಗೇ ಅದ ನೋಡ್ರಿ,’ ಎಂದೆ. ಅತ್ತೆ ಸೆರಗಿನ ಗಂಟು ಬಿಚ್ಚಿ ಅತ್ತಲೇ ಚರಗ ಚೆಲ್ಲಿದರು. ಆಮೇಲೆ ದಂಡೆಯಲ್ಲೇ ಕೂತು ಹೊಟ್ಟೆತುಂಬ ಉಂಡರು.

‘ಹೊಲ ಉಂಡದ. ಈಗ ನೀನೂ ಉಣ್ಣು.’

ನನ್ನ ಪಾಲಿನ ರೊಟ್ಟಿಯನ್ನು ಮತ್ತೆ ಬುತ್ತಿಗೆ ಕಟ್ಟಿದೆ.

ಮರುದಿನ ನಲ್ಲಿ ಬಂತು. ‘ನಿಮ್ಮೂರ ನೀರು ಬಂತು, ಹಿಡ್ಕೊಳ್ರೀ!’ ಎಂದು ಮೇಡಂ ಗೋಡೆಯಾಚೆಯಿಂದ ಕೂಗಿದರು. ನಿನ್ನೆ ನಮ್ಮ ಚರಗ ಉಂಡ ನೀರಿಗೆ ನಾನು ಕೊಡ ಹಿಡಿದು ಓಡಿದೆ.