ಕೋಸ್ಟರಿಗೆ ಹೊಲಿದ ಕೌದಿ

ಬೀದರ್ ಊರ ಹೊರಗೆ ಒಂದು ಮೋಜಿನ ಪಾರ್ಕಿದೆ. ಅದರಲ್ಲಿ ಒಂದು ರೋಲರ್ ಕೋಸ್ಟರ್. ದೊಡ್ಡದೇನಲ್ಲ. ನಾಲ್ಕಾರು ಡಬ್ಬಿಯ ಗಾಡಿ. ಏರುತ್ತದೆ, ದಬ್ಬನೆ ಇಳಿಯುತ್ತದೆ, ಒಂದು ದಿಬ್ಬ ಹಾರುತ್ತದೆ, ತಿರುವು ಹೊಡೆದು ಬಂದು ನಿಲ್ಲುತ್ತದೆ. ಪಾರ್ಕು ಹೊಸದಿದ್ದಾಗ ಮಗಳ ಜೊತೆ ಒಂದು ಸಲ ಕೂತಿದ್ದೆ. ಹೊಟ್ಟೆಯೊಳಗೆ ಗಾಳಿ ಹೊಕ್ಕ ಹಾಗಾಗಿತ್ತು, ಅಷ್ಟೇ. ಹೋದ ವರ್ಷ ಅವಳ ಜೊತೆಗೇ ಮತ್ತೆ ಕೂತೆ. ಇಳಿದಾಗ ಕುತ್ತಿಗೆ ತಿರುಗಲಿಲ್ಲ. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ.

"ಗಾಡಿಗಿ ಏನೂ ಆಗಿಲ್ಲವ್ವಾ. ನಿನ್ನ ಎಲುಬು ಹಳೀವಾಗ್ಯಾವ," ಅಂದಳು ಮಗಳು.

"ನನ್ನ ಎಲುಬು ಹಳೀವು ಖರೇ. ನೀ ಯಾಕ ಸೊಂಟ ಹಿಡ್ಕೊಂಡು ನಿಂತಿ?"

ಅವಳು ಸೊಂಟದಿಂದ ಕೈ ತೆಗೆದಳು.

ನಾನು ಹುಟ್ಟಿದ್ದು ಸಂತಪುರದಲ್ಲಿ, ಕೊಟ್ಟದ್ದು ಭಾಲ್ಕಿಗೆ, ಈಗ ಇರುವುದು ಬೀದರಿನಲ್ಲಿ, ಮಗಳ ಮನೆಯಲ್ಲಿ. ಶಾಲೆಯ ಮುಖ ನೋಡಿದ್ದು ಎರಡೇ ವರ್ಷ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಕೌದಿ ಹೊಲಿಯುವುದು ಮಾತ್ರ ಕಣ್ಣು ಮುಚ್ಚಿದರೂ ಬರುತ್ತದೆ. ಹಳೆ ಸೀರೆ, ಹಳೆ ಧೋತ್ರ ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹಿಡಿದು ಹೊಲಿಯಬೇಕು. ಕೈ ಸುಮ್ಮನಿದ್ದರೆ ನನಗೆ ತಲೆ ಕೆಡುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ.

ನಾಲಿಗೆ ಕಚ್ಚಿಕೊಂಡ ಆ ದಿನ ಬಾಯಿ ಸುಮ್ಮನಿರಲಿಲ್ಲ. ಕೋಸ್ಟರ್ ಓಡಿಸುವವನಿಗೆ ಅಂದುಬಿಟ್ಟೆ, "ನಿನ್ನ ಗಾಡ್ಯಾಗ ಕುಂದ್ರಬೇಕಂದ್ರ ಕುಂಡಿಗಿ ಕೌದಿ ಕಟ್ಕೊಂಡು ಬರಬೇಕು ನೋಡಪ್ಪ!"

ಅವನು ನಕ್ಕ. ಸಾಲಿನಲ್ಲಿ ನಿಂತವರೂ ನಕ್ಕರು. ಪಾರ್ಕಿನ ಮಾಲೀಕ ಅಲ್ಲೇ ಇದ್ದ, ಅವನು ನಗಲಿಲ್ಲ. ಹತ್ತಿರ ಬಂದು ಕೇಳಿದ, "ಆಯಿ, ನಿಮಗ ಕೌದಿ ಹೊಲೀಲಿಕ್ಕ ಬರ್ತದೇನ್ರಿ?"

ಹಾಗೆ ಆ ಕೆಲಸ ನನ್ನ ತಲೆಗೆ ಬಂತು. ಒಂದೊಂದು ಸೀಟಿಗೂ ಅಳತೆ ತೆಗೆದು ಗಾದಿ ಮಾಡಬೇಕು, ಮೂಲೆಗೆ ಲಾಡಿಯಂಥ ಕಸಿ ಹಚ್ಚಿ ಸೀಟಿಗೆ ಕಟ್ಟಬೇಕು. ನಾನು ಬರೀ ಬಟ್ಟೆ ಸಾಕು ಅಂದೆ. ಅವನು ಒಳಗೆ ಹಾಕಲು ದಪ್ಪ ಸ್ಪಂಜು ತಂದುಕೊಟ್ಟ. ಕೂಲಿ ಕೊಡುವವನು ಅವನು, ಹಾಕಿದೆ. ಗಾದಿ ಮೆತ್ತಗೆ ಉಬ್ಬಿ ಬಂದವು. ನೋಡಲು ಚೆಂದ ಕಂಡವು, ಸುಳ್ಳು ಯಾಕೆ ಹೇಳಲಿ. ಮಗಳು ಕೂಡ ಮೊದಲನೆಯದನ್ನು ಒತ್ತಿ ನೋಡಿ, "ಇಂಥದ್ದು ನಮ್ಮನಿಗೂ ಒಂದು ಬೇಕು," ಅಂದಳು.

ಗಾದಿ ಕಟ್ಟಿದ ಮೇಲೆ ಜನ ಹೆಚ್ಚಾದರಂತೆ. ಇಳಿದವರು ಕುತ್ತಿಗೆ ತಿಕ್ಕುವುದು ಬಿಟ್ಟು ಮತ್ತೆ ಸಾಲಿಗೆ ನಿಲ್ಲುತ್ತಿದ್ದರಂತೆ. ಹೊಲಿಗೆ ಎಲ್ಲಾದರೂ ಬಿಟ್ಟಿದೆಯೋ ನೋಡೋಣ ಎಂದು ಒಂದು ದಿನ ಮಧ್ಯಾಹ್ನ ನಾನೇ ಹೋದೆ.

"ಹಿಂದಿನ ಡಬ್ಬ್ಯಾಗ ಕುಂದ್ರಬ್ಯಾಡ ಆಯಿ, ಅದು ಜಾಸ್ತಿ ಝಾಡಸ್ತದ," ಅಂದ ಓಡಿಸುವವನು.

ನಾನು ಅದರಲ್ಲೇ ಕೂತೆ. ತೊಡೆಯ ಮೇಲೆ ಬಂದು ಕೂರುವ ಕಬ್ಬಿಣದ ಸರಳನ್ನು ಅವನು ಒತ್ತಿದ. ಗಾದಿ ನನ್ನನ್ನು ಎತ್ತಿದ್ದರಿಂದ ಸರಳು ಮೇಲೆಯೇ ಕಚ್ಚಿಕೊಂಡಿತು. ಗಾಡಿ ಏರಿತು, ಇಳಿಯಿತು. ತಳಕ್ಕೆ ಬಂದಾಗ ಮೈಭಾರಕ್ಕೆ ಗಾದಿ ಚಪ್ಪಟೆಯಾಯಿತು. ಸರಳು ಎಲ್ಲಿತ್ತೋ ಅಲ್ಲೇ ಇತ್ತು. ತೊಡೆಗೂ ಸರಳಿಗೂ ನಡುವೆ ನನ್ನ ಮುಷ್ಟಿ ಹಿಡಿಸುವಷ್ಟು ಜಾಗ. ಅಷ್ಟರಲ್ಲಿ ದಿಬ್ಬ ಬಂತು, ನಾನು ಸೀಟು ಬಿಟ್ಟು ಎದ್ದೆ. ಎರಡೂ ಕೈಯಲ್ಲಿ ಸರಳು ಹಿಡಿದದ್ದಕ್ಕೆ ಉಳಿದೆ. ತಿರುವಿನಲ್ಲಿ ಗಾಲಿ ಮೊದಲಿಗಿಂತ ಜೋರಾಗಿ ಕಟಕಟ ಅನ್ನುತ್ತಿತ್ತು. ಗಾದಿ ಇದ್ದದ್ದರಿಂದ ಮೈಗೆ ಮಾತ್ರ ಪೆಟ್ಟು ಹತ್ತಲಿಲ್ಲ.

ಇಳಿದು ಕೇಳಿದೆ, "ಈ ಸರಳು ಮೊದಲ ಇಷ್ಟು ಮ್ಯಾಲ ನಿಂದರ್ತಿತ್ತೇನು?"

"ಇಲ್ಲ ಆಯಿ. ಮೊದಲ ತೊಡಿಗಿ ಹತ್ತತಿತ್ತು."

"ಮತ್ತ ಮಾಲಕಗ ಹೇಳಿಲ್ಲೇನು?"

"ಹೇಳೇನಿ. ಸ್ಪಂಜು ತಾನೇ ಕುಂದರ್ತದ, ಚುಪ್ ಕೂಡು ಅಂದ." ಅವನು ತಲೆ ತಗ್ಗಿಸಿ ಗ್ರೀಸಿನ ಡಬ್ಬಿ ಮುಚ್ಚಿದ.

ಮಾಲೀಕ ಟಿಕೀಟಿನ ಕಿಟಕಿಯ ಹತ್ತಿರ ಸಿಕ್ಕ.

"ಸಾವ್ಕಾರ್ರ, ಆ ಗಾದಿ ತೆಗಸ್ರಿ."

"ಯಾಕ್ರಿ ಆಯಿ? ಜನ ನಿಮ್ಮ ಹೆಸರು ಹೇಳ್ಲತ್ತಾರ!"

"ನನ್ನ ಹೆಸರು ಜನಕ್ಕ ಎಲ್ಲಿ ಗೊತ್ತದ, ಸುಳ್ಳ್ಯಾಕ ಹೇಳ್ತೀರಿ. ಗಾದಿ ಕುಸೀತದ, ಸರಳು ಕುಸಿಯಂಗಿಲ್ಲ. ನಡು ಜಾಗ ಬೀಳ್ತದ. ನಾನೇ ಎದ್ದೆ. ಸಣ್ಣ ಕೂಸು ಎದ್ರ ಎಲ್ಲಿಗಿ ಹೋಗ್ತದ?"

"ಗಟ್ಟಿ ಹಿಡ್ಕೋರಿ ಅಂತ ಬೋರ್ಡ್ ಹಾಕೇವಲ್ರಿ."

"ಬೋರ್ಡ್ ಹಿಡೀತದೇನ್ರಿ ಕೂಸಿಗಿ?"

ಅವನು ಉಸಿರು ಬಿಟ್ಟ. "ಗಾದಿ ತೆಗದ್ರ ಗಾಡಿ ಬಡೀತದ. ಜನ ಬೈತಾರ."

"ಬಡೀತದಂದ್ರ ರಿಪೇರಿ ಮಾಡಸ್ರಿ."

"ಅದಕ್ಕ ಹೈದರಾಬಾದಿನವ್ರು ಬರಬೇಕ್ರಿ."

"ಬರ್ಲಿ. ಹೈದರಾಬಾದೇನು ಸಮುದ್ರದಾಚಿ ಅದೇನು?"

"ನಾಳಿ ಔರಾದ್ ಕಡಿಯಿಂದ ಸಾಲಿ ಹುಡುಗ್ರು ಬರ್ಲತ್ತಾರ. ನಾಳಿ ಒಂದಿನ ಆಗಿ ಹೋಗ್ಲಿ, ಆಮ್ಯಾಲ ನೋಡಮ್," ಎಂದು ಅವನು ಫೋನು ಕಿವಿಗೆ ಹಚ್ಚಿಕೊಂಡು ಒಳಗೆ ಹೋದ.

ಮನೆಗೆ ಬಂದೆ. ಅಡುಗೆ ಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆ ಮನೆಗೆ. ರೊಟ್ಟಿ ತಟ್ಟಲು ಕೂತರೆ ಒಂದು ಹರಿಯಿತು, ಒಂದು ಸೀದು ಹೋಯಿತು. ಸೂಜಿ ಹಿಡಿದರೆ ಸಾಲು ಸೊಟ್ಟ. ಮಕ್ಕಳ ತೊಡೆ ಎಷ್ಟು ದಪ್ಪ ಇದ್ದೀತು ಎಂದು ಒಂದೇ ಸಮ ಲೆಕ್ಕ ಹಾಕುತ್ತಿದ್ದೆ.

"ನಿನ್ನ ಕಾಲಿಗಿ ಗಾಲಿ ಹಚ್ಯಾರೇನವ್ವ? ಒಂದ್ಕಡಿ ಕೂಡು," ಅಂದಳು ಮಗಳು. "ಗಾದಿ ಕೇಳ್ದ, ಹೊಲದು ಕೊಟ್ಟಿ. ಮುಂದಿಂದು ಅವಂದು."

"ಹೊಲ್ದ ಕೈ ಯಾರ್ದು?"

"ಕೈ ನಿಂದು, ಗಾಡಿ ಅವಂದು."

ಅದೂ ಸರಿ ಅನಿಸಿತು. ಆದರೂ ಬೆಳಿಗ್ಗೆ ದೊಡ್ಡ ಕತ್ತರಿ ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ.

ಗಾದಿ ನೋಡಲು ಬಂದಿದ್ದಾಳೆ ಅಂದುಕೊಂಡು ಗೇಟಿನವನು ನನ್ನನ್ನು ಒಳಗೆ ಬಿಟ್ಟ. ಓಡಿಸುವವನು ಹಳಿಯ ಹತ್ತಿರ ಇದ್ದ.

"ಕತ್ರಿ ಯಾಕ ಆಯಿ?"

"ಚಾ ಕುಡ್ದು ಬಾ, ಹೋಗು."

"ಕುಡ್ದೇನಲ್ಲ."

"ಇನ್ನೊಂದ್ ಸಲ ಕುಡಿ."

ಅವನು ಕತ್ತರಿಯನ್ನೂ ನನ್ನ ಮುಖವನ್ನೂ ನೋಡಿದ. "ಯಾ ಅಲ್ಲಾ! ಮಾಲಕ ನನಗ ಕೆಲಸದಿಂದ ತೆಗೀತಾನ."

"ಅದಕ್ಕೇ ಚಾ ಕುಡಿ ಅಂತ ಹೇಳ್ಲತ್ತೀನಿ. ನೀ ಇಲ್ಲಿ ಇದ್ದಿಲ್ಲ."

ಅವನು ಹೋದ. ನಾನು ಒಂದೊಂದೇ ಡಬ್ಬಿ ಹೊಕ್ಕು ಕಸಿಗಳನ್ನು ಬುಡಕ್ಕೆ ಕತ್ತರಿಸಿದೆ, ಮತ್ತೆ ಕಟ್ಟಲು ಬಾರದಂತೆ. ಗಟ್ಟಿ ಹೊಲಿಗೆ, ನನ್ನದೇ ಕೈಗೆ ಬೊಬ್ಬೆ ಬಂತು. ಎಲ್ಲ ಗಾದಿ ನೆಲಕ್ಕೆ ಬಿದ್ದಾಗ ಮಾಲೀಕ ಬಂದ. ಅವನ ಹಿಂದೆಯೇ ಶಾಲೆಯ ಬಸ್ಸು.

"ಮುದುಕಿ, ತಲಿ ಕೆಟ್ಟದೇನ್ ನಿನಗ? ಪೊಲೀಸರಿಗಿ ಕರೀತೇನಿ!"

"ಕರೀರಿ. ಅವ್ರಿಗಿ ಹಿಂದಿನ ಡಬ್ಬ್ಯಾಗ ಕುಂದ್ರಸ್ರಿ."

ಮಕ್ಕಳು ಕೂಗುತ್ತ ಕೋಸ್ಟರಿನತ್ತ ಓಡಿ ಬಂದರು. ಅವರ ಎದುರಿಗೆ ಮಾಲೀಕನಿಗೆ ನನ್ನನ್ನು ಬೈಯಲು ಆಗಲಿಲ್ಲ. ಚಾ ಮುಗಿಸಿ ಬಂದ ಓಡಿಸುವವನಿಗೆ, ಗಾದಿ ಇಲ್ಲದೆಯೇ ಓಡಿಸು ಅಂದ. ಜೊತೆಗೆ ಬಂದ ಟೀಚರಬಾಯಿ ಗಟ್ಟಿ ಹೆಣ್ಣುಮಗಳು. ಮೊದಲು ತಾನು ಕೂತು ನೋಡುತ್ತೇನೆ, ಆಮೇಲೆ ಮಕ್ಕಳು ಅಂದಳು. ಸರಳು ಅವಳ ತೊಡೆಗೆ ಒತ್ತಿ ಕೂತಿತು. ಗಾಡಿ ಹೋಯಿತು. ತಿರುವಿನಲ್ಲಿ ಅವಳ ತಲೆ ಆ ಕಡೆ ಈ ಕಡೆ ಬಡಿಯುವುದು ಕೆಳಗೆ ನಿಂತವರಿಗೆಲ್ಲ ಕಂಡಿತು.

ಇಳಿದು ಬಂದು ದವಡೆ ಹಿಡಿದುಕೊಂಡಳು. "ಇದ್ರಾಗ ಮಕ್ಕಳು ಬ್ಯಾಡ್ರಿ. ನನ್ನ ಹಲ್ಲೇ ಅಲ್ಲಾಡ್ಲತ್ತಾವ."

"ನಿನ್ನಿ ತನಕ ಮೆತ್ತಗಿತ್ರಿ ಮೇಡಂ. ಬೇಕಾದ್ರ ಈ ಆಯಿಗೇ ಕೇಳ್ರಿ," ಅಂದ ಮಾಲೀಕ.

ಟೀಚರಬಾಯಿ ನನ್ನ ಕಡೆ ತಿರುಗಿದಳು.

"ಮೆತ್ತಗ ಮಾಡಿದ್ದು ನಾನೇ. ಗಾಡಿ ಮಾತ್ರ ಹಿಂಗೇ ಇತ್ತು," ಅಂದೆ.

ಅವಳು ಮಕ್ಕಳನ್ನು ಜೋಕಾಲಿಯ ಕಡೆ ಹೊರಡಿಸಿದಳು. ಓಡಿಸುವವನು ಮಾಲೀಕನ ಮುಖ ನೋಡಿದ. ಮಾಲೀಕ ಮುಚ್ಚು ಎಂದು ಕೈ ಬೀಸಿದ. ಓಡಿಸುವವನು ಕೋಸ್ಟರಿನ ಬಾಗಿಲಿಗೆ ಹಗ್ಗ ಕಟ್ಟಿದ. ನಾಳೆ ಅವನ ಕೆಲಸ ಇರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಗಂಟು ಬಿಗಿಯುತ್ತ ನನ್ನತ್ತ ನೋಡಲೇ ಇಲ್ಲ.

ನಾನು ಗಾದಿಗಳನ್ನು ಒಟ್ಟು ಮಾಡುತ್ತಿದ್ದಾಗ ನಾಲ್ಕೈದು ಹುಡುಗಿಯರು ಸಾಲು ಬಿಟ್ಟು ಬಂದು ನನ್ನ ಮುಂದೆ ನಿಂತರು. ಮುಖ ಊದಿಸಿಕೊಂಡಿದ್ದರು.

"ಈ ಮುದುಕೀನೇ ನೋಡ್ರೆ ಬಂದ್ ಮಾಡಿಸಿದ್ದು," ಅಂದಳು ಒಬ್ಬಳು. "ಇದಕ್ಕಂತೇ ಬಂದಿದ್ವಿ ನಾವು. ಹಾಳಾಗಿ ಹೋಗ್ಲಿ!"

ಅವಳ ಕಾಲು ನೋಡಿದೆ. ಜೋಳದ ದಂಟಿನ ಹಾಗಿದ್ದವು.

"ಬೈರವ್ವ, ಬೈರಿ," ಅಂದೆ. "ಹೊಟ್ಟಿ ತುಂಬ ಬೈದು ಮನಿಗಿ ಹೋಗ್ರಿ."