ನಾಣೇಘಾಟ ಹತ್ತಲಾಗದ ಯಂಕಣ್ಣ

ಯಂಕಣ್ಣ ಮುಂಬಯಿ ಹತ್ತಿರದ ಡೊಂಬಿವಲಿಯ ಕಾರ್ಖಾನೆ ವಸಾಹತಾದ ಎಂಐಡಿಸಿಯಲ್ಲಿ ಲಾರಿಗೆ ಮಾಲು ಏರಿಸಿ ಇಳಿಸುವ ಹಮಾಲ, ವಿಜಾಪುರದ ಕಡೆಯವನು. 1994ರಲ್ಲಿ ಒಂದು ದಿನ ಕನ್ನಡ ಶಾಲೆಗೆ ಬೆಂಚು ಹೊತ್ತು ತಂದವನು ತರಗತಿಯ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಜಯಶೀಲ ಟೀಚರು, ಒಂದು ಕಾಲಕ್ಕೆ ಇಲ್ಲೇ ಪಕ್ಕದ ಕಲ್ಯಾಣವೂ ವಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು ಎಂದು ಪಾಠ ಹೇಳುತ್ತಿದ್ದರು.

ಗಂಟೆ ಹೊಡೆಯುವವರೆಗೆ ಕಾದು ಕೇಳಿದ: “ಬಾಯಾರ, ನಮ್ಮೂರ ಬಾದಶಾನ ಹುಕುಂ ಇಲ್ಲಿಗೆ ಮುಟ್ಟಾಕ ಎಷ್ಟ ದಿನ ಹಿಡೀತಿತ್ರಿ? ಅಷ್ಟರಾಗ ಅಲ್ಲಿ ಬಾದಶಾನೇ ಸತ್ತಿದ್ರ, ಇಲ್ಲಿಯವ್ರು ಯಾರ ಮಾತ ಕೇಳ್ತಿದ್ರು?”

ಇಪ್ಪತ್ತು ವರ್ಷ ಇತಿಹಾಸ ಕಲಿಸಿದ್ದ ಜಯಶೀಲ, ಗೊತ್ತಿಲ್ಲವೆಂದು ಒಪ್ಪಿಕೊಂಡರು.

ಅಲ್ಲಿ ಶುಕ್ರವಾರ ಕಾರ್ಖಾನೆಗಳಿಗೆ ವಾರದ ರಜೆ. ಅಂದು ಶಾಲೆ ಬಿಡುವ ಹೊತ್ತಿಗೆ ಯಂಕಣ್ಣ ಗೇಟಿನ ಬಳಿ ಇರುತ್ತಿದ್ದ. ನಾಣೇಘಾಟದ ಸುದ್ದಿ ತಿಳಿದದ್ದು ಹಾಗೆ. ಕಲ್ಯಾಣದ ಬಂದರಿನಿಂದ ಬಂದ ಮಾಲು ಘಟ್ಟ ಹತ್ತುತ್ತಿದ್ದ ಎರಡು ಸಾವಿರ ವರ್ಷದ ಹಾದಿ ಅದು. ಮೇಲೆ, ಸುಂಕ ಹಾಕಿಸಿಕೊಳ್ಳುತ್ತಿದ್ದರೆನ್ನುವ ಕಲ್ಲಿನ ಹಂಡೆ.

“ಸುಂಕ ಸಾವುಕಾರ ಕೊಡ್ತಿದ್ನೋ, ಹೊತ್ತವನ ಕೂಲಿಯಾಗ ಮುರಕೋತಿದ್ರೋ?”

“ಹೊತ್ತವರ ಸುದ್ದಿ ಯಾರೂ ಬರೆದಿಟ್ಟಿಲ್ಲ, ಯಂಕಣ್ಣ.”

“ಹಂಗಾರ ನಾನೇ ಹೋಗಿ ನೋಡ್ತೀನಿ ಬಿಡ್ರಿ.”

ಹೋಗುವ ಮೊದಲೇ, ತೊಂಬತ್ತಾರರ ಮಳೆಗಾಲದಲ್ಲಿ, ಲಾರಿಯಿಂದ ಜಾರಿದ ಡ್ರಮ್ಮು ಅವನ ಬೆನ್ನ ಮೇಲೆ ಬಿತ್ತು. ಮೂರು ತಿಂಗಳು ಮಲಗಿದ. ಎದ್ದಾಗ ಕೈಗೆ ಕೋಲು ಬಂದಿತ್ತು. ಇನ್ನು ಊರಿಗೆ ಮರಳುವುದೇ ಸರಿ ಎಂದಳು ಹೆಂಡತಿ ಶರಣಬಸಮ್ಮ. ಘಾಟ ನೋಡದೆ ಹೊರಡುವುದಿಲ್ಲ ಎಂದು ಇವನು ಹಟ ಹಿಡಿದ.

ಜಯಶೀಲ ಇಬ್ಬರನ್ನೂ ಕಲ್ಯಾಣದಿಂದ ಎಸ್‌ಟಿ ಬಸ್ಸಿನಲ್ಲಿ ಘಾಟದ ಬುಡಕ್ಕೆ ಕರೆದೊಯ್ದರು. ಕಾಲುಹಾದಿಯಲ್ಲಿ ನೂರು ಹೆಜ್ಜೆ ಇಡುವಷ್ಟರಲ್ಲಿ ಯಂಕಣ್ಣ ಬಂಡೆಯ ಮೇಲೆ ಕುಸಿದು ಕೂತ.

“ನೀ ಹೋಗಿ ಬಾ,” ಎಂದ ಹೆಂಡತಿಗೆ. “ಎಲ್ಲಾ ನೋಡ್ಕೊಂಡ ಬಾ.”

ಬಾದಶಹನೂ ಬೇಡ, ಹಂಡೆಯೂ ಬೇಡ ಎಂದು ವರ್ಷಗಟ್ಟಲೆ ಗೊಣಗಿದ್ದ ಶರಣಬಸಮ್ಮ ಸೆರಗು ಬಿಗಿದು, ಮೇಲಿನ ಹಳ್ಳಿಗೆ ಹೊರಟಿದ್ದ ಹೆಂಗಸರ ಜೊತೆ ಹತ್ತಿದಳು. ಟೀಚರು ಯಂಕಣ್ಣನ ಬಳಿ ಉಳಿದರು. ಆಕೆ ಇಳಿದು ಬಂದಾಗ ಬಿಸಿಲು ಬಾಗಿತ್ತು.

“ಹಂಡೆ ಐತಿ. ಕೈ ಹಾಕಿ ನೋಡ್ದೆ, ಬರೇ ತರಗೆಲಿ. ಮೆಟ್ಟಲ ಸವದು ತೆಗ್ಗ ಬಿದ್ದಾವ. ಹೊರಿ ಇಳಿಸಿ ಕುಂದ್ರಾಕ ಒಂದ ಕಟ್ಟಿ ಸೈತ ಮಾಡ್ಯಾರ.”

“ಖರೇನ?”

“ನೋಡಿದ್ದ ಹೇಳಾಕತ್ತೀನಿ.”

ಯಂಕಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಬಸ್ಸಿಗೆ ಕಾಯುವಾಗ ಅವನಿಗೆ ಕೇಳದಂತೆ ಜಯಶೀಲ ವಿಚಾರಿಸಿದರು: “ಆ ಕಟ್ಟೆ ನಿಜವಾಗಿ ಇತ್ತಾ, ಶರಣಬಸಮ್ಮ?”

“ಇಲ್ರಿ, ಬಾಯಾರ,” ಎಂದಳು ಆಕೆ. “ಆದ್ರ ಆ ಹೊರಿ ಹೊತ್ತವ್ರಿಗೂ ಯಾರರ ಒಬ್ರು ಕುಂದ್ರು ಅಂದಿರಬೇಕಲ್ರಿ.”

ಊರಿಗೆ ಮರಳಿದ ಯಂಕಣ್ಣ ಯುಗಾದಿಗೆ ಮೊದಲೇ ತೀರಿಕೊಂಡ. ಶರಣಬಸಮ್ಮ ಹೊಟ್ಟೆಪಾಡಿಗೆ ಒಬ್ಬಳೇ ಮುಂಬಯಿ ಕಡೆಗೆ ತಿರುಗಿ ಬಂದು ನೆರೂಳದಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದಳು.