ಮಾತಾಡಿದ ನೀರು ಕುಡಿದ ಗಿಡ

ದೇವರಮನೆ ಗುಡ್ಡದ ಕಡೆಯ ಕಾಫಿ ತೋಟ. ಬೆಳಕಿನ್ನೂ ಹರಿದಿಲ್ಲ. ಮಂಜಿನೊಳಗಿಂದ ಮೊದಲು ತಾಮ್ರದ ಕೊಡವೊಂದು ತೇಲಿ ಬರುತ್ತದೆ. ಆಮೇಲೆ ಅದನ್ನು ಹೊತ್ತ ಸುಬ್ಬಣ್ಣ ಕಾಣುತ್ತಾರೆ.

"ಅಯ್ನೋರೇ, ಪಂಚೆ ಜಾರ್ತಾ ಅದೆ!" ಕೆಲಸಕ್ಕೆ ಹೊರಟ ದ್ಯಾವಮ್ಮ ತಿರುವಿನಲ್ಲಿ ನಿಂತು ಕೂಗುತ್ತಾಳೆ. ಜೊತೆಯ ಹೆಂಗಸರು ಗೊಳ್ಳೆಂದು ನಗುತ್ತಾರೆ. ಸುಬ್ಬಣ್ಣ ತುಟಿ ಬಿಚ್ಚುವುದಿಲ್ಲ. ಪಂಚೆಯನ್ನು ಮಾತ್ರ ಮುಟ್ಟಿ ನೋಡಿಕೊಳ್ಳುತ್ತಾರೆ.

ಕೆಳಗಿನ ಒರತೆಯಿಂದ ಗುಡಿಯ ಹೊಸ್ತಿಲವರೆಗೆ ಅವರು ಮಾತಾಡುವಂತಿಲ್ಲ. ಆಡಿದರೆ ಆ ನೀರು ದೇವರಿಗೆ ಸಲ್ಲದು. ಹತ್ತಿರದ ಗಿಡಕ್ಕೆ ಸುರಿದು ಮತ್ತೆ ಇಳಿಯಬೇಕು. ತಿರುವಿನ ಕಾಫಿ ಗಿಡ ಆ ನೀರು ಕುಡಿದೇ ಸೊಕ್ಕಿ ಬೆಳೆದಿದೆ.

ಸುಬ್ಬಣ್ಣ ಸ್ಥಾನಿಕ ಬ್ರಾಹ್ಮಣರು. ಪೂಜೆ ಅರ್ಚಕರದು; ಬಾಗಿಲು, ದೀಪ, ನೀರು, ಉಗ್ರಾಣ ಇವರದು. ಮಂಗಳಾರತಿಗೆ ಬಂದವರ ಕಣ್ಣಿಗೆ ಇವರು ಬೀಳುವುದೇ ಇಲ್ಲ.

"ನಮ್ಮ ಹಿರೀಕ ಒಬ್ಬ ಘಟ್ಟದ ಕೆಳಗಿಂದ ದೀಪ ಹಿಡ್ಕಂಡು ಹತ್ತಿದ್ನಂತೆ. ಬಾಯಿ ಬಿಟ್ರೆ ಉಸಿರಿಗೆ ಆರಿ ಹೋಗುತ್ತೆ ಅಂತ ದಾರಿಯುದ್ದಕ್ಕೂ ಮಾತೇ ಆಡ್ಲಿಲ್ವಂತೆ. ನಿಜವೋ ಸುಳ್ಳೋ, ನಮ್ಮಜ್ಜಿ ಹೇಳಿದ್ದು. ನಂಗಂತೂ ಮಂಜು ಬಿದ್ದ ದಿನ ಅವ್ನು ನನ್ನ ಮುಂದೆ ಹೋಗ್ತಿರೋ ಹಾಗೆ ಅನ್ಸುತ್ತೆ" ಎನ್ನುತ್ತಾರೆ ಸುಬ್ಬಣ್ಣ.

ಹೋದ ಕಾರ್ತೀಕದ ಒಂದು ಮುಂಜಾನೆ ಅದೇ ತಿರುವಿನಲ್ಲಿ ದ್ಯಾವಮ್ಮ ಒಬ್ಬಳೇ ಬಗ್ಗಿ ಸೌದೆ ಆಯುತ್ತಿದ್ದಳು. ಅವಳ ಬೆನ್ನ ಹಿಂದೆ ಮಂಜೇ ಗಟ್ಟಿಯಾದಂತೆ ಕಾಟಿಯೊಂದು, ಆಳೆತ್ತರದ ಕಾಡುಕೋಣ, ನಿಂತಿತ್ತು.

"ದ್ಯಾವೀ, ಅಲ್ಲಾಡ್ಬೇಡ!" ಕೊಡ ಹೊತ್ತು ಬರುತ್ತಿದ್ದ ಸುಬ್ಬಣ್ಣ ಕೂಗಿದರು.

ಕಾಟಿ ಬೆದರಿ ಕಾಡಿಗೆ ತಿರುಗಿತು. ಸುಬ್ಬಣ್ಣ ಕೊಡದ ನೀರನ್ನು ಗಿಡಕ್ಕೆ ಸುರಿದು ಮತ್ತೆ ಒರತೆಗೆ ಇಳಿದರು.

"ದೇವ್ರು ಕಾಯ್ತಾ ಕೂತಿದಾನೆ ಮಾರಾಯ್ರೇ!" ಎಂದು ತಡವಾಗಿ ಗುಡಿ ಮುಟ್ಟಿದವರನ್ನು ನೋಡಿ ಅರ್ಚಕ ಪ್ರಸಾದ್ ಗೊಣಗಿದರು.

"ಕಾಯ್ಲಿ ಬಿಡಿ. ಅವ್ನ ಹಿಂದೆ ಕಾಟಿ ನಿಂತಿರ್ಲಿಲ್ವಲ್ಲ."

ಈಗ ಗುಡಿಯ ಅಂಗಳದಲ್ಲಿ ಪಂಪು, ಪೈಪುಗಳು ಬಂದು ಬಿದ್ದಿವೆ. ಒರತೆಯ ನೀರು ಇನ್ನು ನಲ್ಲಿಯಲ್ಲೇ ಬರುತ್ತದೆ. ಈ ನಡಿಗೆ ನಿಲ್ಲುತ್ತದೆ. "ಮೊಣಕಾಲು ನಲ್ಲಿ ಬರ್ಲಿ ಅಂತದೆ, ಮನ್ಸು ಬೇಡ ಅಂತದೆ" ಎಂದು ಸುಬ್ಬಣ್ಣ ಖಾಲಿ ಕೊಡವನ್ನು ಬೋರಲು ಹಾಕುತ್ತಾರೆ. ಆಸೆಯೇನಾದರೂ ಉಳಿದಿದೆಯೇ ಎಂದರೆ ತಿರುವಿನ ಕಡೆ ನೋಡುತ್ತಾರೆ.

"ಕೊನೇ ಕೊಡ ತರೋ ದಿನ ದ್ಯಾವಮ್ಮ ಸರಿಯಾಗಿ ಒಂದ್ ಮಾತು ಎಸೀಬೇಕು. ನಾನು ತಡೀಲಾರ್ದೆ ಬಾಯಿ ಬಿಡ್ಬೇಕು. ಆ ನೀರು ಗಿಡಕ್ಕೆ ಹೋಗ್ಲಿ. ದೇವ್ರಿಗೆ ಅಂತ ಇನ್ನೊಂದ್ ಸಲ ಒರತೆಗೆ ಇಳೀಬೋದಲ್ಲ."